ಆಡಿಯೊಮಾತ್

ಆಡಿಯೊಮಾತ್ ಎಂಬುದು ವನ್ಯಜೀವಿಗಳ ಧ್ವನಿಯನ್ನು ತಾನಾಗಿಯೇ ಮುದ್ರಿಸಿಕೊಳ್ಳುವ ಕಿರು ಉಪಕರಣ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಆಂಡ್ರ್ಯೂ ಹಿಲ್ ಮತ್ತು ಪೀಟರ್ ಪ್ರಿನ್ಸ್ ಇದನ್ನು ಪ್ರಾಧ್ಯಾಪಕ ಅಲೆಕ್ಸ್ ರೋಜರ್ಸ್ ಅವರೊಂದಿಗೆ ರೂಪಿಸಿದರು. ಇದರ ವಿನ್ಯಾಸವು ಸಾರ್ವಜನಿಕರಿಗೆ ಮುಕ್ತವಾಗಿದೆ.

ಉಪಕರಣವು ಮೂರು ಎಎ ಬ್ಯಾಟರಿಗಳಿಂದ ನಡೆಯುತ್ತದೆ. ಧ್ವನಿಯು ಮೈಕ್ರೊಎಸ್‌ಡಿ ಕಾರ್ಡಿನಲ್ಲಿ ಸಂಗ್ರಹವಾಗುತ್ತದೆ. ಸೆಕೆಂಡಿಗೆ 3,84,000 ಮಾದರಿಗಳವರೆಗೆ ದಾಖಲಿಸುವ ಸಾಮರ್ಥ್ಯವಿರುವುದರಿಂದ ಮನುಷ್ಯರಿಗೆ ಕೇಳಿಸದ ಬಾವಲಿಗಳ ಶ್ರವಣಾತೀತ ಧ್ವನಿಯನ್ನೂ ಇದು ಗ್ರಹಿಸುತ್ತದೆ. ಎಲ್ಲವನ್ನೂ ಮುದ್ರಿಸದೆ, ನಿರ್ದಿಷ್ಟ ಧ್ವನಿ ಕೇಳಿಬಂದಾಗ ಮಾತ್ರ ಉಳಿಸಿಕೊಳ್ಳುವಂತೆ ಹೊಂದಿಸಿದರೆ ಬ್ಯಾಟರಿ ಹೆಚ್ಚು ಕಾಲ ಬರುತ್ತದೆ.

ನ್ಯೂ ಫಾರೆಸ್ಟ್ ಅರಣ್ಯದಲ್ಲಿ 1990ರ ದಶಕದ ನಂತರ ಕಾಣಸಿಗದಿರುವ, ಬ್ರಿಟನ್ನಿನ ಏಕೈಕ ಸ್ಥಳೀಯ ಸಿಕಾಡ ಜೀರುಂಡೆಯ ಶೋಧಕ್ಕೂ, ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ಕಳ್ಳಬೇಟೆಯ ಗುಂಡಿನ ಸದ್ದನ್ನು ಗುರುತಿಸುವುದಕ್ಕೂ ಇದನ್ನು ಬಳಸಲಾಗಿದೆ. ಈ ಪ್ರಯೋಗಗಳ ವಿವರ 2018ರಲ್ಲಿ ಸಂಶೋಧನಾ ಲೇಖನವಾಗಿ ಪ್ರಕಟವಾಯಿತು.