ಹದಿಹರೆಯದವರ ಮಾನಸಿಕ ಆರೋಗ್ಯ ಮೌಲ್ಯಮಾಪನ

ಹದಿಹರೆಯದವರ ಮಾನಸಿಕ ಆರೋಗ್ಯ ಮೌಲ್ಯಮಾಪನವು ಅವರ ಮನಃಸ್ಥಿತಿ, ಬೆಳವಣಿಗೆ ಹಾಗೂ ಕುಟುಂಬದ ಪರಿಸರವನ್ನು ಪರಿಶೀಲಿಸಿ ಸೂಕ್ತ ಚಿಕಿತ್ಸೆಯನ್ನು ನಿರ್ಧರಿಸುವ ಪ್ರಕ್ರಿಯೆಯಾಗಿದೆ. ಅನಾಥರು, ಬಾಲಕಾರ್ಮಿಕರು ಮತ್ತು ದೌರ್ಜನ್ಯಕ್ಕೆ ಒಳಗಾದವರ ವಿಷಯದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ.

ವಿಧಾನ

ಮಗು ಮತ್ತು ಪೋಷಕರೊಡನೆ ಪ್ರತ್ಯೇಕ ಸಂದರ್ಶನ, ಶಾಲೆಯ ಮಾಹಿತಿ ಹಾಗೂ ದೈಹಿಕ ತಪಾಸಣೆ ಇದರ ಭಾಗಗಳು. ಆತ್ಮಹತ್ಯೆಯ ಅಪಾಯವಿದ್ದಲ್ಲಿ ಅದಕ್ಕೆ ಮೊದಲ ಗಮನ ನೀಡಲಾಗುತ್ತದೆ. ಪ್ರಶ್ನಾವಳಿಯ ಅಂಕಗಳು ಸೂಚನೆಗಳೇ ಹೊರತು ರೋಗನಿರ್ಣಯವಲ್ಲ. ಕಲಿಕೆಯಲ್ಲಿ ಹಿಂದುಳಿಯಲು ಖಿನ್ನತೆ, ಬೌದ್ಧಿಕ ಅಸಾಮರ್ಥ್ಯ ಅಥವಾ ಶ್ರವಣದೋಷ ಕಾರಣವಾಗಿರಬಹುದು. ಪ್ರತಿಯೊಂದಕ್ಕೂ ಪರಿಹಾರ ಬೇರೆ. ಪರೀಕ್ಷೆಯು ಮಗುವಿನ ಭಾಷೆಯಲ್ಲಿರುವುದು ಅಗತ್ಯ. ವಿ. ವಿ. ಕಾಮತ್ ಅವರು ಧಾರವಾಡ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ರೂಪಿಸಿದ ಬಿನೆ-ಕಾಮತ್ ಬುದ್ಧಿಶಕ್ತಿ ಪರೀಕ್ಷೆ ಇದಕ್ಕೆ ಆರಂಭಿಕ ಉದಾಹರಣೆ.

ಕಾನೂನು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 87ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನವರನ್ನು ಮಾನಸಿಕ ಆರೋಗ್ಯ ಸಂಸ್ಥೆಗೆ ದಾಖಲಿಸುವ ಮುನ್ನ ಮನೋವೈದ್ಯರೊಬ್ಬರು ಸೇರಿದಂತೆ ಇಬ್ಬರು ಸ್ವತಂತ್ರವಾಗಿ ಪರೀಕ್ಷಿಸಬೇಕು. ಸಮುದಾಯದಲ್ಲಿಯೇ ನೀಡಬಹುದಾದ ಆರೈಕೆ ವಿಫಲವಾಗಿದೆ ಅಥವಾ ಸೂಕ್ತವಲ್ಲ ಎಂಬುದೂ ದೃಢಪಡಬೇಕು.

ಕರ್ನಾಟಕದಲ್ಲಿ

ಕೊಪ್ಪಳದ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1985ರಲ್ಲಿ ಆರಂಭಿಸಿದ ಯೋಜನೆಯು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಗ್ರಾಮಗಳ ಸಮೀಪಕ್ಕೆ ತರುವುದು ಅದರ ಉದ್ದೇಶವಾಗಿತ್ತು. 2022ರಿಂದ ಟೆಲಿ-ಮಾನಸ್ ಸಹಾಯವಾಣಿ 14416ರ ಮೂಲಕ ಉಚಿತ ಆಪ್ತಸಮಾಲೋಚನೆ ಲಭ್ಯವಿದೆ.