ಕಲಿಕೆಯ ಎರಡು ತುದಿ: ಮೈಸೂರು ಸಂಸ್ಥಾನದ ತಾಂತ್ರಿಕ ಶಿಕ್ಷಣ ನೀತಿ, 1881–1943

ಮೈಸೂರು ಸಂಸ್ಥಾನದ ತಾಂತ್ರಿಕ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1916ರಿಂದ ತೊಡಗುತ್ತಾರೆ. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು, ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ನನ್ನ ಮಟ್ಟಿಗೆ ಈ ಕಥೆ ಅದಕ್ಕಿಂತ ಮೂವತ್ತೈದು ವರ್ಷ ಹಿಂದಿನ ಒಂದು ವಿದ್ಯಾರ್ಥಿವೇತನದಿಂದ ಶುರುವಾಗಬೇಕು.

ಬ್ರಿಟಿಷರ ಐವತ್ತು ವರ್ಷಗಳ ನೇರ ಆಡಳಿತ ಮುಗಿದು 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ಸಂಸ್ಥಾನದೊಳಗೆ ಎಂಜಿನಿಯರಿಂಗ್ ಪದವಿ ಕೊಡುವ ಕಾಲೇಜೇ ಇರಲಿಲ್ಲ. ಓದಬೇಕೆಂದವರು ಮದರಾಸಿಗೋ ಪುಣೆಗೋ ಹೋಗಬೇಕಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದ ಮುದ್ದೇನಹಳ್ಳಿಯ ಒಬ್ಬ ಬಡ ತರುಣ, ಮನೆಪಾಠ ಹೇಳಿ ಓದಿನ ಖರ್ಚು ತೂಗಿಸುತ್ತಿದ್ದವನು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜು ಸೇರಿದ. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಆತ ಮೊದಲಿಗನಾಗಿ ತೇರ್ಗಡೆಯಾದ. ಆದರೆ ಮೈಸೂರಿನ ಹಣದಿಂದ ಓದಿದ ಎಂ. ವಿಶ್ವೇಶ್ವರಯ್ಯನವರು ಕೆಲಸಕ್ಕೆ ಸೇರಿದ್ದು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ. ತವರಿಗೆ ಚೀಫ್ ಎಂಜಿನಿಯರ್ ಆಗಿ ಅವರು ಬಂದದ್ದು 1909ರಲ್ಲಿ. ಸಂಸ್ಥಾನ ನೆಟ್ಟ ಗಿಡದ ಹಣ್ಣು ಕಾಲು ಶತಮಾನ ಬೇರೆಯವರ ಅಂಗಳಕ್ಕೆ ಉದುರಿತು.

ಮುಂದಿನ ಇಡೀ ನೀತಿಯ ಬೀಜ ಈ ಪ್ರಸಂಗದಲ್ಲೇ ಇದೆಯೆಂಬುದು ಈ ಲೇಖನದ ವಾದ. ಓದಿಸುವುದು ಒಂದು ತುದಿ, ಓದಿದವರಿಗೆ ತಕ್ಕ ಕೆಲಸ ಹುಟ್ಟಿಸುವುದು ಇನ್ನೊಂದು ತುದಿ. ಎರಡನ್ನೂ ಸರ್ಕಾರವೇ ಹಿಡಿದ ಕಡೆ ಮೈಸೂರಿಗೆ ಫಲ ದಕ್ಕಿತು.

ಎರಡನೆಯ ತುದಿ ಮೊದಲು ಕಾಣಿಸಿಕೊಂಡದ್ದು ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳಿಗೆ ಸೇರಿತು. ಈ ಯಂತ್ರಗಳನ್ನು ನೋಡಿಕೊಳ್ಳಲು ಬಲ್ಲವರು ಬೇಕಾದರು. ಇದೇ ಅವಧಿಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆ ವೈಸರಾಯ್ ಕರ್ಜನ್ ಅವರ ಅನುಮಾನಗಳ ನಡುವೆ ತೆವಳುತ್ತಿತ್ತು. ಮೈಸೂರು ಸರ್ಕಾರ 371 ಎಕರೆ ನೆಲವನ್ನೂ ವರ್ಷಕ್ಕೆ 50,000 ರೂಪಾಯಿ ಅನುದಾನವನ್ನೂ ಕೊಡಲು ಮುಂದಾಯಿತು. 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಆ ಸಂಸ್ಥೆಯನ್ನು ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ದಾನಿಯ ಹೆಸರು ಜನರ ಬಾಯಲ್ಲಿ ಉಳಿದದ್ದು ನ್ಯಾಯವೇ. ಆದರೆ ನೆಲ ಕೊಟ್ಟ ಸಂಸ್ಥಾನದ ಪಾಲು ಅಷ್ಟು ಸುಲಭವಾಗಿ ಮರೆಯುವಂಥದಲ್ಲ.

ಆ ಕೊಡುಗೆ ಸಂಸ್ಥಾನಕ್ಕೆ ಹೇಗೆ ಮರಳಿತು ಎಂಬುದನ್ನು ಶ್ರೀಗಂಧದ ಉದಾಹರಣೆಯಷ್ಟು ಚೆನ್ನಾಗಿ ತೋರಿಸುವುದು ಬೇರೊಂದಿಲ್ಲ. ಗಂಧದ ಮರ ಸರ್ಕಾರದ ಸೊತ್ತು, ಅದರ ಮಾರಾಟ ಸರ್ಕಾರದ ಏಕಸ್ವಾಮ್ಯ. ಕೊರಡುಗಳು ಹರಾಜಾಗಿ ಯುರೋಪಿಗೆ ಹೋಗುತ್ತಿದ್ದವು, ಎಣ್ಣೆ ತೆಗೆಯುವ ಕೆಲಸ ಹೆಚ್ಚಾಗಿ ಜರ್ಮನಿಯಲ್ಲಿ ನಡೆಯುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಖಜಾನೆಗೆ ಬರುತ್ತಿದ್ದ ದೊಡ್ಡ ಆದಾಯ ನಿಂತಿತು. ಆಗ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗಾಲಯದಲ್ಲಿ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಸರ್ಕಾರವೇ ಕಾರ್ಖಾನೆ ತೆರೆಯಿತು. ಎಣ್ಣೆಯಿಂದ ಸಾಬೂನು ಮಾಡುವ ವಿದ್ಯೆ ಕಲಿತು ಬರಲು ಎಸ್.ಜಿ. ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಿತು. ಅವರು ಹಿಂದಿರುಗಿದಾಗ ಅವರಿಗಾಗಿ ಒಂದು ಕಾರ್ಖಾನೆ ಕಾದಿತ್ತು. ಪುಣೆಯ ವಿದ್ಯಾರ್ಥಿವೇತನಕ್ಕೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಎಲ್ಲವೂ ಆ ಅಂತರದಲ್ಲೇ ಇದೆ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–1918ರ ಅವಧಿ ಇಂಥ ಜೋಡಣೆಗಳ ಕಾಲ. ಅದಕ್ಕೆ ತುಸು ಮೊದಲೇ, 1911ರಲ್ಲಿ, ಸಂಪದಭ್ಯುದಯ ಸಮಾಜ ಶಿಕ್ಷಣ, ವ್ಯವಸಾಯ, ಕೈಗಾರಿಕೆಗಳನ್ನು ಒಂದೇ ವೇದಿಕೆಯಲ್ಲಿ ಚರ್ಚೆಗೆ ತಂದಿತ್ತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂತು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದರ ಹಿಂದೆಯೂ ಈ ಸಮಾಜದ ಪ್ರೇರಣೆಯಿದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಪತ್ರಿಕೆ ಹೆಚ್ಚು ಕಾಲ ನಡೆಯಲಿಲ್ಲ. ಇಂಗ್ಲಿಷ್ ಬಾರದ ಕುಶಲಕರ್ಮಿಗೆ ವಿಜ್ಞಾನ ಮುಟ್ಟಬಹುದಾಗಿದ್ದ ಒಂದು ದಾರಿ ಹೀಗೆ ಮೊಟಕಾಯಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಈ ಅವಕಾಶಗಳ ಬಾಗಿಲು ಯಾರಿಗೆ ತೆರೆದಿತ್ತು? 1915ರಲ್ಲಿ ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗೆ ಸರ್ಕಾರಿ ಶಾಲೆಗಳ ಪ್ರವೇಶ ಆದೇಶದ ಮೂಲಕ ಸಿಕ್ಕಿತಾದರೂ ಕಾಲೇಜಿನವರೆಗಿನ ಹಾದಿ ಬಲು ದೂರವಿತ್ತು. 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಯೋಗ್ಯತೆಯೊಂದೇ ಅಳತೆಯಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ಈ ವಿಚಾರದಲ್ಲಿ ಮಹಾರಾಜರೊಂದಿಗೆ ಒಮ್ಮತಕ್ಕೆ ಬರಲಾರದೆ ದಿವಾನಗಿರಿ ಬಿಟ್ಟರು. ಅವರ ಪ್ರಾಮಾಣಿಕತೆಯಲ್ಲಿ ನನಗೆ ಶಂಕೆಯಿಲ್ಲ. ಆದರೆ ವಾದದಲ್ಲಿ ಕೊರತೆಯಿದೆ. ಬಡ ತರುಣನ ಯೋಗ್ಯತೆ ಲೋಕಕ್ಕೆ ಕಂಡದ್ದು ಸರ್ಕಾರ ಕೈಹಿಡಿದ ಮೇಲೆ. ಸೆಂಟ್ರಲ್ ಕಾಲೇಜಿನ ಮೆಟ್ಟಿಲನ್ನೇ ಏರಲಾಗದವನ ಯೋಗ್ಯತೆಯನ್ನು ಅಳೆಯುವುದು ಹೇಗೆ? ಮಿಲ್ಲರ್ ವರದಿಯನ್ನು ಉದ್ಯೋಗ ಹಂಚಿಕೆಯ ದಾಖಲೆಯೆಂದು ಓದುವಂತೆಯೇ ಶಿಕ್ಷಣ ಚರಿತ್ರೆಯ ದಾಖಲೆಯೆಂದೂ ಓದಬೇಕು.

ಯುದ್ಧದ ಒತ್ತಡ ಎರಡನೆಯ ಬಾರಿಯೂ ಹೊಸ ಕಲಿಕೆಗೆ ಕಾರಣವಾಯಿತು. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಾರ್ಖಾನೆ ಸ್ಥಾಪಿಸಿದಾಗ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ನೆಲ ಕೊಟ್ಟು ಬಂಡವಾಳದಲ್ಲೂ ಪಾಲುದಾರನಾಯಿತು. ಎರಡೇ ವರ್ಷದಲ್ಲಿ, 1942ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಅಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆಯವರೇ ಮುಂದೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನ ವಿನ್ಯಾಸ ಮಾಡಿದರು. ಅದು 1951ರಲ್ಲಿ ಹಾರಿತು.

ಇಷ್ಟಾದರೂ ಕೆಳಗಿನ ಮೆಟ್ಟಿಲು ಗಟ್ಟಿಯಾಗಿರಲಿಲ್ಲ. ಕೈಗಾರಿಕಾ ಶಾಲೆಗಳಿದ್ದವು, ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಿತ್ತು. ಆದರೆ ಪದವೀಧರ ಎಂಜಿನಿಯರಿಗೂ ಲೇತ್ ಮುಂದೆ ನಿಂತ ಕೆಲಸಗಾರನಿಗೂ ನಡುವೆ ನಿಲ್ಲಬಲ್ಲ ಫೋರ್‌ಮನ್, ಮೆಕ್ಯಾನಿಕ್, ಎಲೆಕ್ಟ್ರಿಷಿಯನ್‌ಗಳನ್ನು ತಯಾರಿಸುವ ದೊಡ್ಡ ಸಂಸ್ಥೆ ಬೇಕಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ಹಲವು ವರ್ಷ ನಡೆಸಿ ಈ ಕೊರತೆಯನ್ನು ಕಣ್ಣಾರೆ ಕಂಡಿದ್ದ ವಿಶ್ವೇಶ್ವರಯ್ಯನವರು, ಆ ಸೇವೆಗೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಇಂಥ ಸಂಸ್ಥೆಗೇ ಬಿಟ್ಟುಕೊಟ್ಟರು. ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರು ಸೂಚಿಸಿದರು. ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್‌ಜೆ ಪಾಲಿಟೆಕ್ನಿಕ್, ಬೆಂಗಳೂರಿನಲ್ಲಿ ಬಾಗಿಲು ತೆರೆದದ್ದು 1943ರಲ್ಲಿ, ಎಂಜಿನಿಯರಿಂಗ್ ಕಾಲೇಜು ತೆರೆದ 26 ವರ್ಷಗಳ ನಂತರ.