ಒಂಟಿ ಸಸಿಯ ನಾಟಿ

ಆಫ್ರಿಕಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿರುವ ಮಡಗಾಸ್ಕರ್ ದ್ವೀಪದ ಹೆಸರನ್ನು ಭೂಗೋಳದ ಪುಸ್ತಕದಲ್ಲಿ ಓದಿ ಮರೆತವರೇ ನಮ್ಮಲ್ಲಿ ಹೆಚ್ಚು. ಆದರೆ ಅಲ್ಲಿಯವರೂ ನಮ್ಮಂತೆ ಅನ್ನ ಉಣ್ಣುವ ಜನ. ನಾಟಿ ಮಾಡುವುದು ಅಲ್ಲಿಯೂ ಹೆಂಗಸರ ಕೆಲಸ. ಅಲ್ಲಿಯ ಸಣ್ಣ ರೈತರ ಗದ್ದೆಗೂ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೂ ನಂಟು ಬೆಳೆದ ಕಥೆ ನಾವು ತಿಳಿಯಬೇಕಾದದ್ದು.

ಆಂರಿ ದ ಲೊಲಾನಿಯೆ ಎಂಬ ಫ್ರೆಂಚ್ ಪಾದ್ರಿ 1961ರಲ್ಲಿ ಮಡಗಾಸ್ಕರಕ್ಕೆ ಬಂದರು. ಪಾದ್ರಿಯಾಗುವ ಮೊದಲೇ ಕೃಷಿಶಾಸ್ತ್ರ ಓದಿದ್ದವರು. ಬಡ ರೈತರಿಗೆ ಗೊಬ್ಬರ, ಔಷಧಿಗಳಿಗೆ ಹಣವಿಲ್ಲವೆಂಬುದನ್ನು ಕಂಡು, ಇರುವ ನೆಲ, ನೀರು, ಬೀಜಗಳಿಂದಲೇ ಹೆಚ್ಚು ಬೆಳೆಯುವ ದಾರಿ ಹುಡುಕಿದರು. ಕೆಲವು ರೈತರು ಒಂದೊಂದೇ ಸಸಿ ನೆಡುವುದನ್ನೂ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದಿರುವುದನ್ನೂ ಗಮನಿಸಿದರು. 1983ರಲ್ಲಿ ಮಳೆ ತಡವಾದಾಗ ಹದಿನೈದೇ ದಿನದ ಸಸಿಗಳನ್ನು ನೆಡಬೇಕಾಯಿತು. ಕೈಗೆ ಸಿಕ್ಕುವುದಿಲ್ಲವೆಂದುಕೊಂಡಿದ್ದ ಆ ಬೆಳೆ ತುಂಬು ತೆಂಡೆಯೊಡೆದು ಎಲ್ಲರನ್ನೂ ಬೆರಗುಗೊಳಿಸಿತು. ಎಳೆಯ ಸಸಿ, ಒಂಟಿ ನಾಟಿ, ಗೇಣಗಲ ಅಂತರ, ನಿಂತ ನೀರಿಗೆ ಬದಲು ತೇವ, ಮೇಲಿಂದ ಮೇಲೆ ಕಳೆ ತೆಗೆಯುವುದು, ಇಷ್ಟು ಸೇರಿ ಒಂದು ಪದ್ಧತಿಯಾಯಿತು. ಇದನ್ನು ಹಳ್ಳಿಗಳಿಗೆ ಮುಟ್ಟಿಸಲು 1990ರಲ್ಲಿ ಲೊಲಾನಿಯೆ ಮತ್ತು ಅವರ ಮಡಗಾಸ್ಕರದ ಗೆಳೆಯರು 'ತೇಫಿ ಸೈನಾ' ಎಂಬ ಸಂಘ ಕಟ್ಟಿದರು. ಆ ಹೆಸರಿಗೆ ಮನಸ್ಸನ್ನು ಹದಗೊಳಿಸುವುದು ಎಂಬ ಅರ್ಥವಿದೆ.

1993ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಅವರಿಗೆ ಈ ಸಂಘದ ಪರಿಚಯವಾಯಿತು. ಅವರು ರಾಜ್ಯಶಾಸ್ತ್ರದ ಪ್ರಾಧ್ಯಾಪಕರು. ರಾನೊಮಾಫಾನಾ ಕಾಡಿನ ಅಂಚಿನ ರೈತರು ಹೊಟ್ಟೆಪಾಡಿಗೆ ಕಾಡು ಕಡಿದು ಸುಟ್ಟು ಬೇಸಾಯ ಮಾಡುತ್ತಿದ್ದರು. ಗದ್ದೆಯಲ್ಲಿ ಎಕರೆಗೆ ಎಂಟು ಕ್ವಿಂಟಲ್ ಭತ್ತ ಬಂದರೆ ಹೆಚ್ಚು. ತೇಫಿ ಸೈನಾದವರು ಕಲಿಸಿದ ರೈತರ ಗದ್ದೆಯಲ್ಲಿ ಅದು ನಾಲ್ಕು ಪಟ್ಟಾಯಿತೆಂದರೆ ಅಪ್‌ಹಾಫ್ ಮೊದಲು ನಂಬಲಿಲ್ಲ. ಸತತ ಮೂರು ವರ್ಷದ ಬೆಳೆ ನೋಡಿದ ಮೇಲೆಯೇ ಒಪ್ಪಿದರು.

ವಿದ್ಯಾರ್ಥಿಗಳು ಬರುವುದು ಈ ಹಂತದಲ್ಲಿ. ಮಡಗಾಸ್ಕರದವನೇ ಆದ ಒಬ್ಬ ವಿದ್ಯಾರ್ಥಿ ಗದ್ದೆಗಿಳಿದು ಬೇರಿನ ಬಲ ಅಳೆದ. ಹಳೆಯ ರೀತಿಯಲ್ಲಿ ನೆಟ್ಟ ಮೂರು ಸಸಿಗಳ ಬುಡ ಕೀಳಲು 28 ಕಿಲೋ ಬಲ ಸಾಕಾದರೆ, ಹೊಸ ರೀತಿಯ ಒಂದೇ ಬುಡಕ್ಕೆ 53 ಕಿಲೋ ಬೇಕಾಯಿತು. ಮುಂದೆ ಆತ ಕಾರ್ನೆಲ್‌ಗೇ ಹೋಗಿ 2002ರಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಬರೆದ. ಬುಡ ಕಿತ್ತು ಅಳೆಯುವ ಈ ಪರೀಕ್ಷೆಗೆ ದುಬಾರಿ ಯಂತ್ರವೇನೂ ಬೇಕಿರಲಿಲ್ಲ.

ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ಕ್ರಿಸ್ಟೀನ್ ಮೋಸರ್ ಎಂಬ ಹೆಣ್ಣುಮಗಳ ಕೆಲಸ. ಕಾರ್ನೆಲ್‌ನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಆಕೆ ತೇಫಿ ಸೈನಾ ಕೆಲಸ ಮಾಡಿದ್ದ ಹಳ್ಳಿಗಳಿಗೆ ಹೋಗಿ, ಎಷ್ಟು ಬೆಳೆದಿರಿ ಎನ್ನುವುದರ ಜೊತೆಗೆ, ಈ ಪದ್ಧತಿ ಏಕೆ ಹಿಡಿಯಲಿಲ್ಲ, ಹಿಡಿದವರು ಏಕೆ ಬಿಟ್ಟಿರಿ ಎಂದೂ ವಿಚಾರಿಸಿದಳು. ಉತ್ತರ ಸರಳವಾಗಿತ್ತು, ಕಹಿಯೂ ಆಗಿತ್ತು. ನಾಟಿಯ ಕಾಲವೆಂದರೆ ಮನೆಯ ಕಣಜ ಬರಿದಾಗಿರುವ ಕಾಲ. ಕಡುಬಡವರು ಆಗ ಬೇರೆಯವರ ಗದ್ದೆಗೆ ಕೂಲಿಗೆ ಹೋದರೆ ಅಂದಿನ ಗಂಜಿ. ಒಂಟಿ ಸಸಿಯನ್ನು ಸಾಲು ಹಿಡಿದು ಜೋಪಾನವಾಗಿ ನೆಡುತ್ತ, ಪದೇ ಪದೇ ಕಳೆ ತೆಗೆಯುತ್ತ ತಮ್ಮ ಗದ್ದೆಯಲ್ಲೇ ನಿಂತರೆ ಕೂಲಿ ತಪ್ಪುತ್ತದೆ. ಕುಯಿಲಿನ ಹೊತ್ತಿಗೆ ನಾಲ್ಕು ಪಟ್ಟು ಬಂದೀತು, ನಿಜ. ಅಲ್ಲಿಯವರೆಗೆ ಮಕ್ಕಳ ಹೊಟ್ಟೆ ಕಾಯುವುದೇ? ಆಕೆ ಮತ್ತು ಆಕೆಯ ಪ್ರಾಧ್ಯಾಪಕರು 2003ರಲ್ಲಿ ಇದನ್ನು ಪ್ರಕಟಿಸಿದರು. ಅಂದರೆ, ಈ ಪದ್ಧತಿಯನ್ನು ಲೋಕಕ್ಕೆಲ್ಲ ಸಾರುತ್ತಿದ್ದ ವಿಶ್ವವಿದ್ಯಾಲಯದಿಂದಲೇ ಅದರ ಕೊರತೆಯ ಮಾತೂ ಹೊರಬಂತು. ಮರುವರ್ಷ ಕೆಲವು ಭತ್ತದ ವಿಜ್ಞಾನಿಗಳು ಇಳುವರಿಯ ಲೆಕ್ಕವನ್ನೇ ಪ್ರಶ್ನಿಸಿ ಬರೆದರು.

ಹೀಗೆ ಹೊರನಾಡಿಗೆ ಹೋಗುವ ವಿದ್ಯಾರ್ಥಿಗಳನ್ನು ಉಪಕಾರ ಮಾಡಲು ಹೊರಟವರೆಂದು ಹೊಗಳುವುದುಂಟು. ಇಲ್ಲಿ ಉಪಕಾರ ಯಾರಿಂದ ಯಾರಿಗೆ? ಪದ್ಧತಿ ರೈತರದು, ಅದಕ್ಕೆ ಕ್ರಮ ಕೊಟ್ಟದ್ದು ಪಾದ್ರಿ, ಹಳ್ಳಿಗೆ ಮುಟ್ಟಿಸಿದ್ದು ಸಂಘ. ವಿದ್ಯಾರ್ಥಿಗಳು ಅಳೆದರು, ಕೇಳಿದರು, ಕೇಳಿದ್ದನ್ನು ಮುಚ್ಚಿಡದೆ ಬರೆದರು. ಸಂಘದ ಪರಿಚಯವಿಲ್ಲದೆ ಹೋಗಿದ್ದರೆ ಯಾವ ಮನೆಯ ಬಾಗಿಲೂ ಸುಲಭವಾಗಿ ತೆರೆಯುತ್ತಿರಲಿಲ್ಲ.

2000ದ ನಂತರ ಈ ನಾಟಿ ದಕ್ಷಿಣ ಭಾರತಕ್ಕೂ ಬಂತು. ಕನ್ನಡದಲ್ಲಿ ಅದಕ್ಕೆ 'ಶ್ರೀ ಪದ್ಧತಿ' ಎಂಬ ಚೆಂದದ ಹೆಸರೂ ಸಿಕ್ಕಿತು. ಬೀಜ ಮತ್ತು ನೀರಿನ ಉಳಿತಾಯದ ಮಾತು ಎಲ್ಲರೂ ಆಡುತ್ತಾರೆ. ಬೆನ್ನು ಬಗ್ಗಿಸಿ ನೆಡುವವಳ ಅಂದಿನ ಕೂಲಿಯೂ ಅಂದಿನ ಅಡುಗೆಯೂ ಅದೇ ಲೆಕ್ಕದಲ್ಲಿ ಸೇರಬೇಕು. ಓದುವ ನಮ್ಮ ಹೆಣ್ಣುಮಕ್ಕಳು ಹಳ್ಳಿಗೆ ಅಧ್ಯಯನಕ್ಕೆಂದು ಹೋದಾಗ, ಮೊದಲು ಅವಳನ್ನು ಮಾತನಾಡಿಸಲಿ.